ಕಲಾಯಿ ಶೆಡ್ಡಿನ ಪಕ್ಕದ ಮನೆ

ಆ ಮನೆಯನ್ನು ನಾವು ಕಳೆದುಕೊಂಡೆವು ಎಂದು ಯಾರಾದರೂ ಹೇಳಿದರೆ ಈಗಲೂ ನಾನು ಅವರನ್ನು ತಿದ್ದುತ್ತೇನೆ. ಕಳೆದುಕೊಳ್ಳಲಿಲ್ಲ, ಬಿಟ್ಟು ಬಂದೆವು. ಮುಳಬಾಗಿಲಿನ ನಮ್ಮ ಹಳೆಯ ಚರ್ಚಿನ ಸಭೆಯವರು ಮದುವೆಯಲ್ಲೋ ಸಾವಿನ ಮನೆಯಲ್ಲೋ ಎದುರಾದಾಗ ದನಿ ತಗ್ಗಿಸಿ, ನಿಮ್ಮಮ್ಮ ಅವತ್ತೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ನಿಮ್ಮ ಬದುಕೇ ಬೇರೆ ಇರುತ್ತಿತ್ತು ಎಂದು ಶುರು ಮಾಡುತ್ತಾರೆ. ಇರುತ್ತಿತ್ತು, ಖಂಡಿತ. ಆ ಬೇರೆ ಬದುಕು ನನಗೆ ಬೇಕಿರಲಿಲ್ಲ. ನನಗೀಗ ಅರವತ್ತು ದಾಟಿದೆ, ಮಾಲೂರಿನಲ್ಲಿ ಮಗನ ಮನೆಯಲ್ಲಿದ್ದೇನೆ, ಮಂಡಿನೋವು ಬಿಟ್ಟರೆ ಹೇಳಿಕೊಳ್ಳುವಂಥ ದೂರೇನೂ ಇಲ್ಲ. ನನ್ನ ಮಗ ಕೂಡ ಒಮ್ಮೆ, "ಅಜ್ಜಿ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬಹುದಿತ್ತು ಅಲ್ವಾ?" ಎಂದ. ಅವನಿಗೆ ಅಂದು ಬಾಯಲ್ಲಿ ಕೊಟ್ಟ ಉತ್ತರ ಸಾಲಲಿಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಎಂದರೆ ಚರ್ಚಿನ ಕಾಂಪೌಂಡಿನ ಹಿಂಬದಿಯಲ್ಲಿ ಹೆಂಚು ಹೊದಿಸಿದ ಎರಡು ಕೋಣೆ. ಅಪ್ಪ ಚರ್ಚಿನ ಗಂಟೆ ಹೊಡೆಯುವವನು. ಗುಡಿಸುವುದು, ಚಾಪೆ ಹಾಸುವುದು, ದೀಪ ಒರೆಸುವುದು, ಯಾರಾದರೂ ಸತ್ತರೆ ಗುಂಡಿ ತೋಡಿಸುವುದು ಎಲ್ಲವೂ ಅವನದೇ ಕೆಲಸ. ಅವನಪ್ಪನೂ ಅದೇ ಕೆಲಸದಲ್ಲಿದ್ದವನು. ಹೀಗಾಗಿ ಮನೆ ನಮ್ಮದಲ್ಲದಿದ್ದರೂ ನಮ್ಮದೇ ಎಂಬಂತೆ ಇದ್ದೆವು. ಮುಂದಿನ ಕೋಣೆಯಲ್ಲಿ ಅರ್ಧ ಜಾಗ ಚರ್ಚಿನ ಸಾಮಾನಿಗೆ ಹೋಗುತ್ತಿತ್ತು. ಸುತ್ತಿಟ್ಟ ಚಾಪೆಗಳು, ಕಾಲು ಮುರಿದ ಬೆಂಚು, ಕ್ರಿಸ್‌ಮಸ್ಸಿಗೆ ಬಣ್ಣದ ಕಾಗದ ಅಂಟಿಸುವ ಬಿದಿರಿನ ನಕ್ಷತ್ರ, ಇವುಗಳ ಜೊತೆಗೆ ಹೆಣ ಹೊರುವ ಮರದ ಮಂಚ. ಆ ಮಂಚದ ಮಗ್ಗುಲಲ್ಲೇ ಅಪ್ಪನ ತಾಯಿ, ನಮ್ಮಜ್ಜಿ, ಹಾಸಿಗೆ ಹಾಸಿಕೊಳ್ಳುತ್ತಿದ್ದಳು. ಹಗಲು ಅದರ ಮೇಲೆ ಹುಣಸೆಹಣ್ಣು ಒಣಗಿಸುತ್ತಿದ್ದಳು. ನೋಡಿದವರು ಹೌಹಾರಿದರೆ, "ನಾಳೆ ನಾನೇ ಏರೋ ಮಂಚ, ಅದಕ್ಕೇನು ಮೈಲಿಗೆ?" ಎನ್ನುತ್ತಿದ್ದಳು. ಊರಲ್ಲಿ ಯಾರಾದರೂ ಸತ್ತು ಮಂಚ ಹೊರಗೆ ಹೋದಾಗ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಗುತ್ತಿತ್ತು. ನಾನು ಆ ಖಾಲಿ ಜಾಗದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ಸಾವೆಂದರೆ ನನಗೆ ಬಹಳ ಕಾಲ ಆಡಲು ಸಿಗುವ ಜಾಗವೇ ಆಗಿತ್ತು.

ಒಳಕೋಣೆ ಅಡುಗೆಯದು. ಮಣ್ಣಿನ ಒಲೆ, ಮುದ್ದೆ ತೊಳಸುವ ಕೋಲು, ಅವರೆಕಾಲದಲ್ಲಿ ಇಡೀ ಮನೆಗೆ ಹಬ್ಬುವ ಸೊಗಡಿನ ವಾಸನೆ. ಒಂದೇ ಕಿಟಕಿ, ಅದಕ್ಕೂ ಅಡ್ಡವಾಗಿ ಹೊಡೆದ ತಗಡು. ಕಿಟಕಿಯಾಚೆ ಕಾಂಪೌಂಡಿನ ಮಣ್ಣಿನ ಗೋಡೆ, ಗೋಡೆಯಾಚೆ ರಹೀಮ್ ಸಾಬರ ಕಲಾಯಿ ಶೆಡ್ಡು. ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಕೆಂಡದ ಮೇಲಿಟ್ಟು ನವಸಾಗರ ಎರಚಿ ತವರ ಸವರುವಾಗ ಎದೆ ಕೆರೆಯುವಂಥ ಬಿಳಿ ಹೊಗೆ ಏಳುತ್ತಿತ್ತು. ಅದು ನೇರವಾಗಿ ನಮ್ಮ ಸಾರಿನ ಮಡಕೆಗೆ ಬರುತ್ತಿತ್ತೆಂದು ಅಜ್ಜಿ ಯಾವ ಕಾಲದಲ್ಲೋ ಆ ತಗಡು ಹೊಡೆಸಿದ್ದಳು. ಆದರೂ ಹೊಗೆ ಬರುತ್ತಿತ್ತು. ಜೊತೆಗೆ ರಹೀಮ್ ಸಾಬರ ಹೆಂಡತಿ ಜೈಬುನಕ್ಕನ ಕೋಳಿಗಳೂ ಗೋಡೆ ಹಾರಿ ಬರುತ್ತಿದ್ದವು, ಅಮ್ಮ ಒಣಹಾಕಿದ ರಾಗಿ ಕೆದರುತ್ತಿದ್ದವು. ಅಮ್ಮನಿಗೂ ಜೈಬುನಕ್ಕನಿಗೂ ಅಷ್ಟಕ್ಕಷ್ಟೆ. ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಜನ ಅಮ್ಮನನ್ನು ಆ ಮನೆಯವರ ಗೆಳತಿ ಎಂದರು. ಗೆಳತಿಯಾಗಿರಲಿಲ್ಲ.

ಅಮ್ಮನ ಹೆಸರು ಸುಗುಣಮ್ಮ. ಶ್ರೀನಿವಾಸಪುರದ ಕಡೆಯ ಹಳ್ಳಿಯವಳು, ಮನೆಮಾತು ತೆಲುಗು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದಾಗ ಮತ್ತು ಪ್ರಾರ್ಥನೆ ಮಾಡುವಾಗ ತೆಲುಗು ಬೆರೆಯುತ್ತಿತ್ತು. ಮದುವೆಯಾಗಿ ಬಂದ ಮೇಲೆ ಚರ್ಚಿನ ಹೆಂಗಸರ ಕೂಟದಲ್ಲಿ ಅಕ್ಷರ ಕಲಿತಳು. ಕಲಿತದ್ದೇ ಕಲಿತದ್ದು, ಮನೆಯಲ್ಲಿ ಬೆಳಗಿನ ಪ್ರಾರ್ಥನೆಗೆ ವಾಕ್ಯ ಓದುವ ಅಧಿಕಾರವನ್ನು ಅಪ್ಪನಿಂದ ಕಿತ್ತುಕೊಂಡಳು. ಅಪ್ಪ ಗಂಟೆ ಹೊಡೆದು ಬರುತ್ತಲೇ ನಾವು ನಾಲ್ವರೂ ಒಲೆಯ ಮುಂದೆ ಕೂರಬೇಕು. ಅವಳು ಬೆರಳಿಟ್ಟು ಒಂದು ವಾಕ್ಯ ಓದುತ್ತಿದ್ದಳು. ಓದಿ ತಲೆಯೆತ್ತಿ, "ಇದು ನಮ್ಮನೇಲಿ ನಡೀತಾ ಇದೆಯಾ?" ಎಂದು ಕೇಳುತ್ತಿದ್ದಳು. ನಡೆಯುತ್ತಿಲ್ಲವೆಂದರೆ ಮುಂದಿನ ವಾಕ್ಯಕ್ಕೆ ಹೋಗುತ್ತಿರಲಿಲ್ಲ. ಬೇರೆ ಮನೆಗಳಲ್ಲಿ ವರ್ಷಕ್ಕೊಮ್ಮೆ ಇಡೀ ಪುಸ್ತಕ ಮುಗಿಸುತ್ತಿದ್ದರೆ ನಮ್ಮ ಮನೆಯಲ್ಲಿ ಒಂದೇ ಪುಟದಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿರುತ್ತಿದ್ದೆವು. ಹೊತ್ತು ಮುಳುಗುವ ತನಕ ಸಿಟ್ಟು ಇಟ್ಟುಕೊಳ್ಳಬಾರದು ಎಂಬ ಮಾತು ಬಂದ ದಿನ ಕೋಳಿಗಳ ಜಗಳ ಜೋರಾಗಿ ನಡೆದಿತ್ತು. ಅಂದು ಸಂಜೆ ಅಮ್ಮ ಹಿತ್ತಲಿಗೆ ಹೋಗಿ, ಗೋಡೆಯ ಮೇಲಿಂದ ಕತ್ತು ಚಾಚಿ ಕೂಗಿದಳು.

"ಲೇ ಜೈಬುನ್! ಹೊತ್ತು ಮುಳುಗ್ತಾ ಇದೆ. ನಿನ್ನ ಮೇಲಿನ ಸಿಟ್ಟು ನಾನು ಬಿಟ್ಟಿದೀನಿ. ಮಿಕ್ಕಿದ್ದು ಬೆಳಿಗ್ಗೆ ನೋಡ್ಕೊಳ್ಳೋಣ!"

ಆಚೆಯಿಂದ ಜೈಬುನಕ್ಕನ ದನಿ ಬಂತು.

"ನಾನೆಲ್ಲಿ ಬಿಟ್ಟಿದೀನಿ? ನಂದು ಇನ್ನೂ ಐತೆ!"

ಪ್ರಾರ್ಥನೆಯಲ್ಲಿ ಕೂಡ ಅಮ್ಮ ಜಗಳವಾಡಿದವರ ಹೆಸರು ಹಿಡಿದೇ ಬೇಡಿಕೊಳ್ಳುತ್ತಿದ್ದಳು. "ಪ್ರಭುವಾ, ಜೈಬುನ್‌ಗೆ ಒಳ್ಳೇದು ಮಾಡು, ಅವಳ ಕೋಳಿಗಳಿಗೆ ಸ್ವಲ್ಪ ಬುದ್ಧಿ ಕೊಡು" ಎನ್ನುವುದು ಬೀದಿಗೇ ಕೇಳುತ್ತಿತ್ತು. ಎಲ್ಲಕ್ಕಿಂತ ಕಷ್ಟವಾಗಿದ್ದುದು ಅವಳ ಸುಳ್ಳಿನ ಕಟ್ಟುಪಾಡು. ನಮ್ಮ ಮನೆಯಲ್ಲಿ ಚಿಕ್ಕ ಸುಳ್ಳೂ ನಡೆಯುತ್ತಿರಲಿಲ್ಲ. ಅಜ್ಜಿಗೆ ಯಾರನ್ನಾದರೂ ನೋಡಲು ಇಷ್ಟವಿಲ್ಲದಿದ್ದರೆ ಬಾಗಿಲಲ್ಲಿ ಅಮ್ಮ, "ಅತ್ತೆ ಒಳಗಿದ್ದಾರೆ. ನಿಮ್ಮ ಜೊತೆ ಮಾತಾಡೋಕೆ ಮನಸ್ಸಿಲ್ಲವಂತೆ" ಎಂದುಬಿಡುತ್ತಿದ್ದಳು. ಅಜ್ಜಿ ಒಳಗಿನಿಂದ ಹಣೆ ಚಚ್ಚಿಕೊಳ್ಳುವ ಸದ್ದು ಕೇಳುತ್ತಿತ್ತು. ಯಾಕಮ್ಮ ಹೀಗೆ ಎಂದು ನಾನು ಕೇಳಿದ್ದೆ. "ಯೇಸುಸ್ವಾಮಿ ಹಿಂದೆ ಹೋಗ್ತೀನಿ ಅಂತ ನೀರಲ್ಲಿ ಮುಳುಗಿ ಎದ್ದವಳು ನಾನು. ಭಾನುವಾರ ಮಾತ್ರ ಹಿಂದೆ ಹೋಗ್ತೀನಿ ಅಂತ ಹೇಳಿರ್ಲಿಲ್ಲ" ಎಂದಳು. ಅಷ್ಟೇ ಅವಳ ಭಕ್ತಿ. ಅದನ್ನು ಅವಳು ಸಾರಿಗೆ ಉಪ್ಪು ಹಾಕುವ ಹಾಗೆ ದಿನವೂ ಬಳಸುತ್ತಿದ್ದಳು.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಸುರಿದ ಮಳೆಗೆ ಆ ಮಣ್ಣಿನ ಗೋಡೆ ಕುಸಿಯಿತು. ಯಾರೂ ಮತ್ತೆ ಕಟ್ಟಲಿಲ್ಲ. ಮಣ್ಣು ಕರಗಿ ನೆಲಸಮವಾಯಿತು, ಮೇಲೆ ಹುಲ್ಲು ಬೆಳೆಯಿತು. ಕೋಳಿಗಳಿಗೆ ಹಾರುವ ಕಷ್ಟವೂ ತಪ್ಪಿತು. ಒಂದೆರಡು ವರ್ಷದಲ್ಲಿ ಗೋಡೆ ಎಲ್ಲಿತ್ತೆಂದು ಹೇಳುವುದೇ ಕಷ್ಟವಾಯಿತು. ಆಗ ನಮ್ಮ ಸಭೆಯ ಕಾರ್ಯದರ್ಶಿ ಸಾಮ್ಯುವೆಲಪ್ಪನವರ ಕಣ್ಣು ಆ ಜಾಗದ ಮೇಲೆ ಬಿತ್ತು. ನಿವೃತ್ತ ಮೇಷ್ಟರು, ಬಿಳಿ ಪಂಚೆ, ಒಳ್ಳೆಯ ಕಂಠ. ಕೀರ್ತನೆ ಎತ್ತಿದರೆ ಚರ್ಚಿನ ಹೆಂಚು ಅದುರುತ್ತಿತ್ತು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಸಭೆ ಬೆಳೆಯಬೇಕು, ರಸ್ತೆ ಬದಿಗೆ ಅಂಗಡಿ ಸಾಲು ಕಟ್ಟಿದರೆ ಬಡ ಮಕ್ಕಳ ಫೀಸಿಗೆ ಆಗುತ್ತದೆ ಎಂಬುದು ಅವರ ಆಸೆ. ಆದರೆ ರಸ್ತೆ ಬದಿಯಲ್ಲಿ ಇದ್ದದ್ದು ರಹೀಮ್ ಸಾಬರ ಶೆಡ್ಡು. ಅದು ಚರ್ಚಿನ ಜಾಗವೇ, ಗೋಡೆ ಬಿದ್ದ ಮೇಲೆ ಸಾಬರು ಒತ್ತರಿಸಿಕೊಂಡು ಶೆಡ್ಡು ಹಾಕಿದ್ದಾರೆ ಎಂದು ಅವರು ತಾಲ್ಲೂಕು ಕಚೇರಿಗೆ ದೂರು ಕೊಟ್ಟರು. ಎರಡೂ ಕಡೆ ಸರಿಯಾದ ಕಾಗದವಿರಲಿಲ್ಲ. ಕಚೇರಿಯ ಸಾಹೇಬರು ಸ್ಥಳಕ್ಕೇ ಬಂದು ಅಲ್ಲಿ ವಾಸವಿರುವವರನ್ನು ವಿಚಾರಿಸುತ್ತಾರೆ ಎಂದಾಯಿತು. ಕಾಂಪೌಂಡಿನಲ್ಲಿ ವಾಸವಿದ್ದವರು ನಾವಷ್ಟೇ.

ಸಾಮ್ಯುವೆಲಪ್ಪನವರು ಒಂದು ಮಧ್ಯಾಹ್ನ ಮನೆಗೆ ಬಂದರು. ಅಜ್ಜಿ ಚಾಪೆ ಹಾಸಿದಳು. ಅವರು ಅಪ್ಪನ ಹೆಗಲ ಮೇಲೆ ಕೈಯಿಟ್ಟರು.

"ದೇವದಾಸ, ಜಾಸ್ತಿ ಮಾತಾಡ್ಬೇಡ. ಗೋಡೆ ಬಿದ್ಮೇಲೆ ಶೆಡ್ಡು ಬಂತು. ಅಷ್ಟೇ ಹೇಳು, ಸಾಕು. ಉಳಿದಿದ್ದು ನಾನು ನೋಡ್ಕೊಳ್ತೀನಿ."

ಅಪ್ಪ ತಲೆಯಾಡಿಸಿದ. ಅಪ್ಪ ಎಲ್ಲದಕ್ಕೂ ತಲೆಯಾಡಿಸುವವನೇ. ಅಷ್ಟು ದೊಡ್ಡ ಗಂಟೆ ಹೊಡೆಯುವವನ ಬಾಯಲ್ಲಿ ಮಾತೇ ಹೊರಡುತ್ತಿರಲಿಲ್ಲ. ಅಮ್ಮ ಒಲೆಯ ಮುಂದಿನಿಂದಲೇ ಕೇಳಿದಳು.

"ಅಣ್ಣಾ, ಅದು ನಿಜ ಅಲ್ವಲ್ಲ?"

"ನೀನು ಒಳಗಿನ ಕೆಲಸ ನೋಡ್ಕೊಮ್ಮ ಸುಗುಣ. ಇದು ದೇವರ ಸಭೆ ಕೆಲಸ."

"ದೇವರ ಕೆಲಸಕ್ಕೆ ಅಬದ್ಧ ಯಾಕಣ್ಣಾ ಬೇಕು?"

ಅವರು ಎದ್ದು ಹೋಗುವಾಗ ಹೆಂಚಿನ ಮಾಡನ್ನೊಮ್ಮೆ ತಲೆಯೆತ್ತಿ ನೋಡಿ, "ಮಳೆಗಾಲಕ್ಕೆ ಮುಂಚೆ ಇದನ್ನ ರಿಪೇರಿ ಮಾಡಿಸಿಕೊಡ್ಬೇಕು ನಿಮಗೆ" ಎಂದರು. ಆ ಮಾತಿನ ಅರ್ಥ ನನಗೂ ಆಯಿತು.

ಆಮೇಲೆ ನಡೆದ ಜಗಳವನ್ನು ನಾನು ಮರೆತಿಲ್ಲ. ಅದರಲ್ಲಿ ಅಜ್ಜಿಯ ಮಾತಿಗೂ ತೂಕವಿತ್ತು. ಅಮ್ಮನ ಪಕ್ಷದವಳಾಗಿಯೂ ಅದನ್ನು ನಾನು ಮುಚ್ಚಿಡುವುದಿಲ್ಲ. ನಮ್ಮವರನ್ನು ಊರೊಳಗಿನ ಬೀದಿಗಳಲ್ಲಿ ಚಪ್ಪಲಿ ಹಾಕಿಕೊಂಡು ನಡೆಯಲು ಬಿಡದ ಕಾಲವನ್ನು ಅಜ್ಜಿ ಕಂಡಿದ್ದಳು. ಊರ ನಡುವೆ, ಹೆಂಚಿನ ಕೆಳಗೆ, ಬಾಗಿಲಿಗೆ ಚಿಲಕವಿರುವ ಮನೆಯೊಂದರಲ್ಲಿ ಅವಳು ಮಲಗಿದ್ದು ಈ ಚರ್ಚಿನಿಂದಾಗಿ.

"ಈ ಮನೆ ಪಾಯ ತೋಡಿದ್ದು ನಿನ್ನ ಮಾವ ಕಣೇ. ನಮ್ಮ ಕುಲದಲ್ಲಿ ಯಾರಿಗಿತ್ತು ಇಂಥ ಮನೆ? ಆ ಸಾಬಿಗೆ ಊರಲ್ಲಿ ನೆಂಟರಿದ್ದಾರೆ, ಜಾಗ ಐತೆ. ನಮಗ್ಯಾರಿದ್ದಾರೆ? ಒಂದು ಮಾತಿಗೋಸ್ಕರ ನನ್ನನ್ನ ಮತ್ತೆ ಊರಾಚೆ ಕಳಿಸ್ತೀಯಾ?"

ಅಮ್ಮ ಒಲೆಯಿಂದ ಸೌದೆ ಹಿಂದಕ್ಕೆಳೆದು ಅಜ್ಜಿಯ ಕಡೆ ತಿರುಗಿದಳು.

"ಅತ್ತೆ, ಊರಾಚೆ ಇದ್ದ ನಮ್ಮನ್ನ ಒಳಗೆ ಕರೆದೋನು ಯಾರು? ಅವನು ಇವರನ್ನ ಆಚೆ ಹಾಕು ಅಂತಾನಾ?" ಎಂದಳು. ಆಮೇಲೆ ದನಿ ಏರಿತು, ಭಾಷೆಯೂ ಬದಲಾಯಿತು. "ಅಬದ್ಧಂ ಚೆಪ್ಪಿ ಬತಿಕೇ ಬತುಕು ನಾಕೊದ್ದು. ಸುಳ್ಳು ಹೇಳಿ ಬದುಕೋ ಬದುಕು ನನಗೆ ಬೇಡವೇ ಬೇಡ."

ಅಪ್ಪ ಇಬ್ಬರ ನಡುವೆ ಕೂತು ಮುದ್ದೆಯನ್ನು ಮುರಿಯುತ್ತಲೇ ಇದ್ದ, ಬಾಯಿಗಿಡಲಿಲ್ಲ.

ಸಾಹೇಬರು ಬಂದ ದಿನ ಜೀಪು ಚರ್ಚಿನ ಮುಂದಿನ ಹೊಂಗೆ ಮರದಡಿ ನಿಂತಿತು. ಅಳತೆಯ ಸರಪಳಿ ಹಿಡಿದ ಇಬ್ಬರು ಇಳಿದರು. ಒಂದು ಕಡೆ ನಮ್ಮ ಸಭೆಯ ಗಂಡಸರು, ಮುಂದೆ ಸಾಮ್ಯುವೆಲಪ್ಪನವರು, ಅವರ ಹಿಂದೆ ನಮ್ಮ ಅಯ್ಯನವರು. ಅಯ್ಯನವರು ಎಂದರೆ ಪಾದ್ರಿಗಳು. ಆಗ ಇದ್ದವರು ಇನ್ನೂ ಎಳೆಯರು, ಮೃದು ಸ್ವಭಾವದವರು, ಕಾರ್ಯದರ್ಶಿಗಳ ಮುಖ ನೋಡಿಯೇ ಮಾತಾಡುವವರು. ಇನ್ನೊಂದು ಕಡೆ ರಹೀಮ್ ಸಾಬರು, ಮಸಿ ಹಿಡಿದ ಕೈಗಳನ್ನು ಲುಂಗಿಗೆ ಒರೆಸುತ್ತಾ. ಅವರ ಹಿಂದೆ ಸೆರಗು ಹೊದ್ದ ಜೈಬುನಕ್ಕ. ಶೆಡ್ಡಿನಲ್ಲಿ ಒಲೆ ಆರಿತ್ತು. ಅಳತೆ ಮುಗಿದ ಮೇಲೆ ಸಾಹೇಬರು ಅಪ್ಪನನ್ನು ಕರೆದು, ಶೆಡ್ಡು ಯಾವಾಗಿನಿಂದ ಇದೆ ಎಂದು ಕೇಳಿದರು. ಅಪ್ಪ ಟವೆಲನ್ನು ಹಿಂಡುತ್ತಾ ನಿಂತ. ಸಾಮ್ಯುವೆಲಪ್ಪನವರು ಕೆಮ್ಮಿದರು.

"ನಂಗೆ... ಸರಿಯಾಗಿ ನೆನಪಿಲ್ಲ ಸ್ವಾಮಿ," ಎಂದ ಅಪ್ಪ.

ಅದು ಅವನ ಕೈಲಾದ ನಡುದಾರಿ. ಯಾರಿಗೂ ಪೂರ್ತಿ ದ್ರೋಹವಾಗದ, ಯಾರಿಗೂ ಪೂರ್ತಿ ಉಪಕಾರವಾಗದ ಮಾತು. ಸಾಹೇಬರು ಸರಿ ಎಂದು ತಿರುಗುವಷ್ಟರಲ್ಲಿ ಅಮ್ಮ ಹೊಸಿಲು ದಾಟಿ ಬಂದಿದ್ದಳು. ಕೈಗೆ ರಾಗಿಹಿಟ್ಟು ಅಂಟಿತ್ತು.

"ನನಗೆ ನೆನಪಿದೆ ಸಾರ್. ನಾನು ಮದುವೆಯಾಗಿ ಈ ಮನೆಗೆ ಬಂದ ದಿನ ಆ ಶೆಡ್ಡಿನ ಹೊಗೆ ಕುಡಿದು ಕೆಮ್ಮಿದೀನಿ. ಗೋಡೆ ಇತ್ತು, ಶೆಡ್ಡೂ ಇತ್ತು, ಗೋಡೆಯಾಚೆ ಇತ್ತು. ಇವರು ನಮ್ಮ ಜಾಗಕ್ಕೆ ಬಂದಿಲ್ಲ. ಇವರ ಕೋಳಿ ಮಾತ್ರ ಬಂದಿದ್ದು. ಬೇಕಾದ್ರೆ ಒಳಗೆ ಬಂದು ಕಿಟಕಿ ನೋಡಿ, ಹೊಗೆ ತಡೆಯೋಕೆ ಹೊಡೆದ ತಗಡು ತುಕ್ಕು ಹಿಡಿದಿದೆ."

ಸಾಮ್ಯುವೆಲಪ್ಪನವರ ಮುಖ ಕೆಂಪಾಯಿತು.

"ಹೆಂಗಸು ಸಾರ್, ತಿಳುವಳಿಕೆ ಇಲ್ಲ. ಪಕ್ಕದ ಮನೆಯವರ ಜೊತೆ ಸಲುಗೆ," ಎಂದರು.

ಸಾಹೇಬರು ಬಾಗಿಲಲ್ಲಿ ನನ್ನ ಭುಜ ಹಿಡಿದು ನಿಂತಿದ್ದ ಅಜ್ಜಿಯತ್ತ ನೋಡಿದರು.

"ಏನಜ್ಜಿ, ನೀವು ಹಳಬರು. ನಿಮ್ಮ ಸೊಸೆ ಹೇಳೋದು ನಿಜಾನಾ?"

ಅಜ್ಜಿಯ ಬೆರಳುಗಳು ನನ್ನ ಭುಜಕ್ಕೆ ನಾಟಿದವು. ಅವಳು ಅಮ್ಮನನ್ನು ಸುಟ್ಟುಬಿಡುವಂತೆ ನೋಡಿದಳು.

"ಅವಳನ್ನ ಕೇಳಿದ್ಮೇಲೆ ನನ್ನನ್ನ ಯಾಕಪ್ಪ ಕೇಳ್ತೀಯ? ಸುಳ್ಳು ಹೇಳೋದು ಬಂದಿದ್ರೆ ಈ ಮನೆ ಯಾವತ್ತೋ ಉದ್ಧಾರ ಆಗಿರ್ತಿತ್ತು," ಎಂದು ಹೇಳಿ ಒಳಗೆ ಹೋದಳು. ಹೆಣದ ಮಂಚದ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಶೆಡ್ಡು ಉಳಿಯಿತು. ನಮ್ಮ ಮನೆ ಉಳಿಯಲಿಲ್ಲ. ಆ ತಿಂಗಳ ಕೊನೆಗೆ ಗಂಟೆ ಹೊಡೆಯಲು ಬೇರೆಯವರು ಬರುತ್ತಾರೆಂದು ಹೇಳಿ ಕಳಿಸಿದರು. ಬೈಯಲಿಲ್ಲ, ಕೂಗಾಡಲಿಲ್ಲ, ಬಹಳ ಮರ್ಯಾದೆಯಿಂದ ನಮ್ಮನ್ನು ಹೊರಗೆ ಹಾಕಿದರು. ಸಾಮಾನು ಕಟ್ಟುತ್ತಿದ್ದಾಗ ಜೈಬುನಕ್ಕ ಬಂದಳು. ನಮ್ಮ ಹೊಸಿಲೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ತಾವು ವಾಸವಿದ್ದ ಮನೆಯ ಹಿಂದೆ ಖಾಲಿ ಕೋಣೆಯಿದೆ, ಬಾಡಿಗೆ ಬೇಡ, ಎಷ್ಟು ದಿನವಾದರೂ ಇರಿ ಎಂದಳು. ಅಜ್ಜಿಯ ಮುಖ ಅರಳಿತು. ಅಮ್ಮ ಪಾತ್ರೆ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಬೇಡ ಜೈಬುನ್."

"ಯಾಕಕ್ಕಾ? ನಮ್ಮ ಮನೆ ಅಂತಾನಾ?"

"ಥೂ, ಅದಕ್ಕಲ್ಲ. ನಿನ್ನ ಮನೇಲಿ ಇದ್ರೆ, ಕೋಣೆಗೋಸ್ಕರ ಸಾಕ್ಷಿ ಹೇಳಿದ್ಲು ಅಂತಾರೆ. ಆಗ ನಾನು ಹೇಳಿದ ನಿಜಾನೂ ಸುಳ್ಳಾಗೋಗುತ್ತೆ. ನಿಮ್ಮ ಶೆಡ್ಡಿಗೂ ಒಳ್ಳೇದಲ್ಲ."

"ಎಂಥಾ ಹೆಂಗಸು ನೀನು! ಕೊಟ್ಟಿದ್ದೂ ತಗೋಳಲ್ಲ," ಎಂದು ಜೈಬುನಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ಹೇಳದೆ ಕೇಳದೆ ನಮ್ಮ ಹಿತ್ತಾಳೆಯ ದೊಡ್ಡ ಹಂಡೆಯ ಒಂದು ಕಿವಿ ಹಿಡಿದೆತ್ತಿದಳು. ಇನ್ನೊಂದು ಕಿವಿಯನ್ನು ಅಮ್ಮ ಹಿಡಿದಳು. ಇಬ್ಬರೂ ಅದನ್ನು ತಳ್ಳುಗಾಡಿಗೆ ಏರಿಸುವಾಗ, ನೀನು ಓರೆ ಹಿಡಿದೆ, ನಾನಲ್ಲ ನೀನು ಎಂದು ಜಗಳವಾಡಿದರು.

ಹೊರಡುವ ಮುನ್ನ ಅಮ್ಮ ಎರಡೂ ಕೋಣೆಗಳನ್ನು ಸಾರಿಸಿದಳು. ಬರುವವರಿಗೆ ಕಸ ಬಿಟ್ಟು ಹೋಗಬಾರದು ಎಂದಳು. ನಾವು ಹೋದದ್ದು ಮುಳಬಾಗಿಲಲ್ಲೇ ಶ್ರೀನಿವಾಸಪುರದ ರಸ್ತೆಯಲ್ಲಿ, ಹುಣಸೆಹಣ್ಣಿನ ಗೋಡೌನಿನ ಹಿಂದಿದ್ದ ಒಂದೇ ಕೋಣೆಗೆ. ಮಾಡು ಸಿಮೆಂಟ್ ಶೀಟಿನದು, ಬೇಸಿಗೆಯಲ್ಲಿ ಬಾಣಲೆಯಂತೆ ಕಾಯುತ್ತಿತ್ತು. ಅಪ್ಪ ಮಾವಿನ ಸುಗ್ಗಿಯಲ್ಲಿ ಹಣ್ಣಿನ ಮಂಡಿಯಲ್ಲಿ ಬುಟ್ಟಿ ಹೊರುತ್ತಿದ್ದ, ಉಳಿದ ಕಾಲದಲ್ಲಿ ಸಿಕ್ಕಿದ ಕೆಲಸ. ಅಮ್ಮ ರೇಷ್ಮೆ ನೂಲು ತೆಗೆಯುವಲ್ಲಿಗೆ ಹೋದಳು. ಕುದಿನೀರಿನಲ್ಲಿ ಗೂಡು ಆರಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಅಜ್ಜಿ ಅಮ್ಮನ ಜೊತೆ ಮಾತು ಬಿಟ್ಟಳು. ಊಟ ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದಳು. ಸ್ಕೂಲಿನಲ್ಲಿ ಸಭೆಯವರ ಹುಡುಗಿಯರು ನನ್ನನ್ನು ಸಾಬರ ಪಾರ್ಟಿ ಎಂದು ಕರೆದರು. ಒಬ್ಬಳ ಜಡೆ ಹಿಡಿದು ಜಗ್ಗಿದೆ. ಅದಕ್ಕೆ ನನಗೆ ಇಂದಿಗೂ ಬೇಸರವಿಲ್ಲ.

ಮೊದಲ ಭಾನುವಾರ ಅಮ್ಮ ಎಲ್ಲರಿಗಿಂತ ಮುಂಚೆ ಎದ್ದು ಮಿಂದಳು. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಅಜ್ಜಿಗೆ ತಡೆಯಲಾಗಲಿಲ್ಲ, ಮಾತು ಬಿಟ್ಟದ್ದನ್ನು ಮರೆತು ಕೇಳಿದಳು.

"ಯಾವ ಮುಖ ಇಟ್ಕೊಂಡು ಅಲ್ಲಿಗೆ ಹೋಗ್ತೀಯೇ?"

"ಇರೋದು ಇದೊಂದೇ ಮುಖ ಅತ್ತೆ."

ಬೇರೆ ಪ್ರಾರ್ಥನಾ ಕೂಟದವರು ಆಗಲೇ ಮನೆಗೆ ಬಂದು ಹೋಗಿದ್ದರು. ನಮ್ಮಲ್ಲಿಗೆ ಬನ್ನಿ, ಆ ಸಭೆ ನಿಮಗೇನು ಮಾಡಿತೆಂದು ಎಲ್ಲರ ಮುಂದೆ ಹೇಳಿ ಎಂದು ಕರೆದಿದ್ದರು. ಅಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದ್ದಳು. ನನ್ನನ್ನು ಮನೆಯಿಂದ ಬಿಡಿಸಬಹುದು, ಯೇಸುಸ್ವಾಮಿ ಮನೆಯಿಂದ ಬಿಡಿಸೋಕೆ ಸಾಮ್ಯುವೆಲಪ್ಪ ಯಾರು ಎನ್ನುವುದು ಅವಳ ವಾದ. ಚರ್ಚಿಗೆ ಹೋಗಿ, ಹೆಂಗಸರ ಕಡೆ ಎಲ್ಲಕ್ಕಿಂತ ಮುಂದಿನ ಚಾಪೆಯಲ್ಲಿ ನನ್ನನ್ನು ಪಕ್ಕಕ್ಕೆಳೆದುಕೊಂಡು ಕೂತಳು. ಕೀರ್ತನೆ ಶುರುವಾದಾಗ ಸಾಮ್ಯುವೆಲಪ್ಪನವರಿಗಿಂತ ಜೋರಾಗಿ ಹಾಡಿದಳು. ಅವಳಿಗೆ ರಾಗವಿರಲಿಲ್ಲ.

ಕರ್ತನ ಭೋಜನ ತಿಂಗಳಿಗೊಮ್ಮೆ. ಜನ ಸಾಲಾಗಿ ಹೋಗಿ ಮುಂದಿನ ಕಟಕಟೆಯ ಬಳಿ ಮಂಡಿಯೂರಿ ಕೈ ಚಾಚುತ್ತಾರೆ. ಅಯ್ಯನವರು ಒಬ್ಬೊಬ್ಬರಿಗೂ ರೊಟ್ಟಿಯ ಚೂರು ಕೊಟ್ಟು, ಆಮೇಲೆ ದ್ರಾಕ್ಷಾರಸದ ಬಟ್ಟಲು ಹಿಡಿದು ಬರುತ್ತಾರೆ. ಆ ತಿಂಗಳ ಭೋಜನಕ್ಕೆ ಮುಂಚೆ ಅಯ್ಯನವರು ಅಮ್ಮನನ್ನು ಕರೆಸಿ, ಹೊರಗಿನವರ ಮುಂದೆ ಸಭೆಗೆ ಅವಮಾನ ಮಾಡಿದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳಬೇಕು, ಅಲ್ಲಿಯವರೆಗೆ ಭೋಜನ ಕೊಡಬಾರದೆಂದು ಹಿರಿಯರು ಹೇಳಿದ್ದಾರೆ ಎಂದು ತಿಳಿಸಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

"ತಪ್ಪು ಮಾಡಿದ್ರೆ ಮಂಡಿಯೂರಿ ಕೇಳ್ತೀನಿ ಅಯ್ಯನೋರೇ. ಜೈಬುನ್ ಕೋಳಿಗೆ ಕಲ್ಲು ಹೊಡೆದಿದ್ದಕ್ಕೂ ಕೇಳಿದೀನಿ. ಇದಕ್ಕೆ ಕೇಳಲ್ಲ."

ಕೇಳಲಿಲ್ಲ. ಆದರೆ ಸಾಲಿನಲ್ಲಿ ಹೋಗುವುದನ್ನೂ ಬಿಡಲಿಲ್ಲ. ಮಂಡಿಯೂರಿದಳು, ಸುಕ್ಕುಗಟ್ಟಿದ ಬೆರಳುಗಳ ಎರಡೂ ಕೈ ಚಾಚಿದಳು. ಅಯ್ಯನವರು ಅವಳ ಎಡಗಡೆಯವರಿಗೆ ಕೊಟ್ಟರು, ಅವಳನ್ನು ದಾಟಿದರು, ಬಲಗಡೆಯವರಿಗೆ ಕೊಟ್ಟರು. ಅಮ್ಮ ಖಾಲಿ ಕೈಯಲ್ಲೇ ಕೊನೆಯ ಆಶೀರ್ವಾದದವರೆಗೆ ಮಂಡಿಯೂರಿದ್ದು, ಎದ್ದು ಬಂದು ಕೂತಳು. ಮುಂದಿನ ತಿಂಗಳೂ ಹಾಗೇ, ಅದರ ಮುಂದಿನ ತಿಂಗಳೂ ಹಾಗೇ. ಅಷ್ಟು ಜನರೆದುರು ಹಾಗೆ ಕೈ ಚಾಚಿ ಬರಿಗೈಯಲ್ಲಿ ಏಳುವುದು ನನ್ನಿಂದ ಆಗುತ್ತಿರಲಿಲ್ಲ. ಯಾಕಮ್ಮ ಹೋಗ್ತೀಯಾ ಎಂದು ಅತ್ತೂ ಕೇಳಿದೆ. "ಕರೆದೋನು ಅವನು. ದಾಟೋರು ದಾಟಲಿ," ಎಂದಳು.

ಅಪ್ಪ ಮಾತ್ರ ಸಾಲಿಗೆ ಹೋಗುತ್ತಿರಲಿಲ್ಲ. ಅವನಿಗೆ ಯಾರೂ ಬೇಡವೆಂದಿರಲಿಲ್ಲ. ನೆನಪಿಲ್ಲ ಎಂದದ್ದಕ್ಕೆ ಸಭೆಗೆ ಅವನ ಮೇಲೆ ಸಿಟ್ಟೂ ಇರಲಿಲ್ಲ. ಆದರೂ ಜೀಪು ಬಂದು ಹೋದ ದಿನದಿಂದ ಅವನು ಭೋಜನದ ಹೊತ್ತಿಗೆ ಎದ್ದು ಹಿಂದಿನ ಬಾಗಿಲ ಹತ್ತಿರ ನಿಂತುಬಿಡುತ್ತಿದ್ದ. ಮನೆಯಲ್ಲೂ ಅಮ್ಮನ ಕಣ್ಣು ತಪ್ಪಿಸುತ್ತಿದ್ದ. ಅಮ್ಮ ಅವನಿಗೆ ಒಂದು ದಿನವೂ ಆ ಮಾತೆತ್ತಿ ಚುಚ್ಚಲಿಲ್ಲ. ಎಲ್ಲರೊಡನೆ ಜಗಳವಾಡುವವಳು ಅವನೊಬ್ಬನ ಜೊತೆ ಆಡದೇ ಇದ್ದದ್ದು ಅವನನ್ನು ಇನ್ನಷ್ಟು ಹಿಂಡಿರಬೇಕು.

ಮಾವಿನ ಸುಗ್ಗಿ ಮುಗಿದ ಮೇಲಿನ ಒಂದು ಭೋಜನದ ಭಾನುವಾರ. ಅಮ್ಮ ಎಂದಿನಂತೆ ಹೋಗಿ ಮಂಡಿಯೂರಿದಳು. ಅಜ್ಜಿ ನನ್ನ ಪಕ್ಕದಲ್ಲಿ ನೆಲ ನೋಡುತ್ತಾ 'ಬೇಡ ಕಣೇ, ಬೇಡ ಕಣೇ' ಎಂದು ಗೊಣಗುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಹೆಜ್ಜೆ ಸದ್ದು ಬಂತು. ಅಪ್ಪ ಗಂಡಸರ ಕಡೆಯ ಸಾಲು ದಾಟಿ, ನಡುವಿನ ದಾರಿ ದಾಟಿ, ಹೆಂಗಸರ ಸಾಲಿಗೆ ನುಗ್ಗಿ ಅಮ್ಮನ ಪಕ್ಕದಲ್ಲಿ ಮಂಡಿಯೂರಿದ. ಅಮ್ಮ ತಿರುಗಿ ನೋಡಲಿಲ್ಲ, ಆದರೆ ಅವನಿಗೆ ಜಾಗವಾಗಲೆಂದು ಸ್ವಲ್ಪ ಸರಿದಳು. ಅಯ್ಯನವರು ಬಂದರು, ಅಮ್ಮನನ್ನು ದಾಟಿದರು, ಅಪ್ಪನ ಅಂಗೈಯಲ್ಲಿ ರೊಟ್ಟಿಯಿಟ್ಟರು. ಅಪ್ಪ ಅದನ್ನು ಬಾಯಿಗಿಡಲಿಲ್ಲ. ಎರಡು ಮಾಡಿ ಒಂದನ್ನು ಅಮ್ಮನ ಕೈಯಲ್ಲಿಟ್ಟ. ಅವಳು ತಿಂದಳು. ಅವನೂ ತಿಂದ.

ಸಾಮ್ಯುವೆಲಪ್ಪನವರು ತಮ್ಮ ಜಾಗದಲ್ಲಿ ಎದ್ದು ನಿಂತರು.

"ಅಯ್ಯನವರೇ, ಇದೇನಿದು?"

ಅಯ್ಯನವರು ಆಗಲೇ ಬಟ್ಟಲು ಹಿಡಿದು ಬಂದಿದ್ದರು. ಆಗ ಅಪ್ಪ, ಅಷ್ಟು ವರ್ಷ ಗಂಟೆ ಹೊಡೆದೂ ಆ ಚರ್ಚಿನೊಳಗೆ ಒಂದು ಮಾತು ದೊಡ್ಡದಾಗಿ ಆಡದವನು, ಎಲ್ಲರಿಗೂ ಕೇಳುವಂತೆ ಹೇಳಿದ.

"ಶೆಡ್ಡು ಮೊದಲಿಂದ ಇತ್ತು ಅಯ್ಯನೋರೇ. ನಂಗೆ ನೆನಪಿತ್ತು. ನೆನಪಿಲ್ಲ ಅಂತ ಸುಳ್ಳು ಹೇಳಿದೋನು ನಾನು. ಕೊಡಬಾರದು ಅಂದ್ರೆ ನಂಗೆ ಕೊಡಬೇಡಿ. ಅವಳಿಗೆ ಕೊಡಿ."

ಅಯ್ಯನವರು ಸಾಮ್ಯುವೆಲಪ್ಪನವರ ಕಡೆ ನೋಡಿದರು. ಆಮೇಲೆ ಅಪ್ಪನ ಕಡೆ ನೋಡಿದರು. ಆ ಹೊತ್ತು ಎಷ್ಟು ದೀರ್ಘವಾಗಿತ್ತೆಂದರೆ ಅಜ್ಜಿ ಗೊಣಗುವುದನ್ನು ಬಿಟ್ಟು ತಲೆಯೆತ್ತಿದಳು. ಅಯ್ಯನವರು ಬಗ್ಗಿ ಬಟ್ಟಲನ್ನು ಅಮ್ಮನ ತುಟಿಗೆ ಹಿಡಿದರು. ಅವಳು ಕುಡಿದ ಮೇಲೆ ಅಪ್ಪನಿಗೂ ಹಿಡಿದರು.

ಮನೆಗೆ ಬರುವಾಗ ಬಿಸಿಲು ಜೋರಾಗಿತ್ತು. ಗೋಡೌನಿನ ತಿರುವು ಬಂದಾಗ ಅಮ್ಮ ಅಪ್ಪನ ಕಡೆ ತಿರುಗಿದಳು.

"ದೊಡ್ಡ ಚೂರು ನೀವೇ ಇಟ್ಕೊಂಡ್ರಿ. ನಾನು ನೋಡ್ದೆ."

"ಕೈ ನಡುಗ್ತಿತ್ತು ಕಣೇ."

"ಮುಂದಿನ ತಿಂಗಳು ಸರಿಯಾಗಿ ಮುರೀರಿ."

ಅಪ್ಪ ನಕ್ಕ, ನಡುರಸ್ತೆಯಲ್ಲಿ ನಿಂತು, ಹೊಟ್ಟೆ ಹಿಡಿದುಕೊಂಡು. ಅಜ್ಜಿ, ರಸ್ತೆಯಲ್ಲಿ ಹಲ್ಲು ಬಿಡಬೇಡವೋ ಎಂದು ಅವನಿಗೆ ಬೈದಳು. ಆಮೇಲೆ ಅಮ್ಮನ ಕಡೆ ತಿರುಗಿ, ಇವತ್ತು ಸಾರೇನು ಎಂದು ನೇರವಾಗಿ ಅವಳನ್ನೇ ಕೇಳಿದಳು.

ಮುಂದಿನ ತಿಂಗಳು ರೊಟ್ಟಿ ಮುರಿಯಬೇಕಾಗಿ ಬರಲಿಲ್ಲ. ಅಯ್ಯನವರು ಕಟಕಟೆಯ ಬಳಿಗೆ ಬಂದವರು ನೇರ ಅಮ್ಮನ ಮುಂದೆ ನಿಂತು, ಎಲ್ಲರಿಗಿಂತ ಮೊದಲು ಅವಳ ಕೈಗೆ ಕೊಟ್ಟರು. ಅದೇ ಕಟಕಟೆಯ ಗಂಡಸರ ಕಡೆಯ ಕೊನೆಯಲ್ಲಿ ಸಾಮ್ಯುವೆಲಪ್ಪನವರು ಮಂಡಿಯೂರಿ ತಮ್ಮ ಸರದಿಗೆ ಕಾಯುತ್ತಿದ್ದರು.